ಎಂಜಿನ್ ಮೇಲಿನ ನಾಣ್ಯ

ಮಧ್ಯರಾತ್ರಿ ಶೆಡ್ಡಿನಿಂದ ಟಿಕ್ ಟಿಕ್ ಸದ್ದು ಕೇಳಿ ಇಳಿದು ಬಂದೆ. ಗಂಡ ತಮ್ಮ ಮೂವತ್ತು ವರ್ಷದ ಜಪಾನಿ ಕಾರಿನ ಎಂಜಿನ್ ಶುರು ಮಾಡಿ, ಅದಕ್ಕೆ ಕಿವಿಗೊಟ್ಟು ನಿಂತಿದ್ದರು.

“ನಾಳೆ ಹಳೇ ಕಾರು ಕ್ಲಬ್ಬಿನವರ ಮುಂದೆ ನಾಣ್ಯ ಬಿದ್ರೆ ಇದನ್ನ ಮಾರಿಬಿಡ್ತೀನಿ ಕಣೇ,” ಎಂದರು. ಅವರಪ್ಪ ತೀರಿಕೊಂಡಾಗಲೂ ಅವರ ಮುಖ ಅಷ್ಟು ಬಾಡಿರಲಿಲ್ಲ.

ಕ್ಲಬ್ಬಿನ ಪರೀಕ್ಷೆ ಒಂದೇ: ಓಡುತ್ತಿರುವ ಎಂಜಿನ್ ಮೇಲೆ ಅಂಚಿನ ಮೇಲೆ ನಿಲ್ಲಿಸಿದ ನಾಣ್ಯ ಒಂದು ನಿಮಿಷ ಬೀಳಬಾರದು.

“ಏನ್ರೀ, ಹಿಟ್ಟಿನ ಗಿರಣಿ ತಂದ್ರಾ?” ಎಂದು ಕ್ಲಬ್ಬಿನ ಹಿರಿಯರಾದ ನಂಜಪ್ಪನವರು ಬೆಳಿಗ್ಗೆ ನಮ್ಮ ಕಾರಿನ ಸದ್ದು ಕೇಳಿ ಹಂಗಿಸಿದರು.

ಕೀ ತಿರುಗಿಸುವ ಕೆಲಸ ನನ್ನ ಪಾಲಿಗೆ ಬಂತು. ಕೂತು ತಿರುಗಿಸಿದೆ. ಡ್ಯಾಶ್‌ಬೋರ್ಡಿನ ದೀಪಗಳು ಹೊತ್ತಿಕೊಂಡವು. ನಂಜಪ್ಪನವರು ನಾಣ್ಯ ನಿಲ್ಲಿಸಿದರು. ಒಂದು ನಿಮಿಷವಾಯಿತು, ಎರಡಾಯಿತು. ನಾಣ್ಯ ಅಲುಗಲಿಲ್ಲ.

ಅವರು ಬಗ್ಗಿ ಕಿವಿಗೊಟ್ಟರು. “ಅಬ್ಬಾ! ರೇಷ್ಮೆ ಸೀರೆ ಜಾರಿದ ಹಾಗಿದೆ ಕಣ್ರೀ ಸದ್ದು!”

“ನಾನು ಹೇಳ್ಲಿಲ್ವಾ ಸಾರ್!” ಎಂದು ಗಂಡ ಕಣ್ಣೊರೆಸಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಫ್ ಮಾಡಲು ಕೀಗೆ ಕೈ ಹಾಕಿದಾಗ ನೋಡಿದೆ, ಗಾಬರಿಯಲ್ಲಿ ಅದನ್ನು ಅರ್ಧವಷ್ಟೇ ತಿರುಗಿಸಿದ್ದೆ. ಎಂಜಿನ್ ಶುರುವೇ ಆಗಿರಲಿಲ್ಲ. ಇದನ್ನು ಯಾರಿಗೂ ಹೇಳಬಾರದು ಎಂದುಕೊಂಡು ನಾನೂ ಚಪ್ಪಾಳೆ ತಟ್ಟಿದೆ.