ಮೊಳೆಯ ತಕರಾರು

"ಏಳಿ, ಇಬ್ಬರೂ ಏಳಿ. ಅಮ್ಮ, ನೀವು ಅವನ ಕುರ್ಚಿಗೆ ಬನ್ನಿ. ನೀನು ಅಮ್ಮನ ಕುರ್ಚಿಗೆ ಹೋಗಪ್ಪ," ಎಂದರು ರಾಜಿ ಮಾಮ.

ಮನೆಯ ಒಡತಿ ಮಹಡಿಯಮ್ಮ ಮೂಗು ಮುರಿದರು. ಕೆಳಗಿನ ಮನೆಯ ಬಾಡಿಗೆದಾರ, ಫೋಟೋ ಫ್ರೇಮ್ ಅಂಗಡಿಯವನು, ಕಣ್ಣುಕಣ್ಣು ಬಿಟ್ಟ. ರಾಜಿ ಮಾಮ ಹಿಂದೆ ವಕೀಲರೊಬ್ಬರ ಗುಮಾಸ್ತರಾಗಿದ್ದವರು. ವಾಯಿದೆ ವಾಯಿದೆ ಎಂದು ವರ್ಷಗಟ್ಟಲೆ ಎಳೆಯುವ ಬಾಡಿಗೆ ಕೇಸುಗಳನ್ನು ನೋಡಿ ನೋಡಿ ರೋಸಿಹೋಗಿ, ಈಗ ಓಣಿಯ ಜಗಳಗಳು ಕೋರ್ಟಿನ ಮೆಟ್ಟಿಲು ಹತ್ತದ ಹಾಗೆ ತಮ್ಮ ಮನೆಯಲ್ಲೇ ಕೂರಿಸಿ ಬಗೆಹರಿಸುತ್ತಿದ್ದರು. ಈ ಕುರ್ಚಿ ಬದಲಿಸುವ ಉಪಾಯ ಮಾತ್ರ ಹೊಸದು. ಎಲ್ಲೋ ಕೇಳಿಕೊಂಡು ಬಂದದ್ದು, ಇವತ್ತೇ ಮೊದಲ ಪ್ರಯೋಗ.

"ಈಗ ಅಮ್ಮ ಬಾಡಿಗೆದಾರರು, ನೀನು ಓನರ್. ಅವರ ಮಾತು ನೀನಾಡು, ನಿನ್ನ ಮಾತು ಅವರಾಡಲಿ. ಗೊತ್ತಿದ್ದಷ್ಟು ಸಾಕು."

ಅಲ್ಲಿಯವರೆಗೆ ತಕರಾರು ಸರಳವಾಗಿಯೇ ಇತ್ತು. ಕರಾರಿನಲ್ಲಿ ಬೇಡವೆಂದಿದ್ದರೂ ಗೋಡೆ ತುಂಬ ಮೊಳೆ ಹೊಡೆದಿದ್ದಾನೆ, ತಿಂಗಳೊಳಗೆ ಮನೆ ಖಾಲಿ ಮಾಡಲಿ ಎಂದು ಮಹಡಿಯಮ್ಮನ ಹಟ. ಆಗುವುದಿಲ್ಲ ಎಂದು ಅವನ ಹಟ. ಯಾಕೆಂದು ಕೇಳಿದರೆ ಬಾಯಿಗೆ ಬೀಗ.

ಅವನು ಒಡತಿಯ ಕುರ್ಚಿಯ ತುದಿಯಲ್ಲಿ ಕೂತು ಗಂಟಲು ಸರಿಮಾಡಿಕೊಂಡ. "ಮೊಳೆ ಗಿಳೆ ಎಲ್ಲಾ ನೆಪ. ನನ್ನ ಮಗಳು ಗಂಡನ್ನ ಬಿಟ್ಟು, ಕೂಸು ಎತ್ಕೊಂಡು ಬರ್ತಿದ್ದಾಳೆ. ಬಸ್ ಸ್ಟ್ಯಾಂಡಲ್ಲಾದ್ರೂ ಮಲಗ್ತೀನಿ, ನಿನ್ನ ಜೊತೆ ಮಾತ್ರ ಇರಲ್ಲ ಅಂತಾಳೆ. ನಮ್ಮಿಬ್ರದ್ದು ಎಣ್ಣೆ ಸೀಗೆಕಾಯಿ. ಅದಕ್ಕೇ ಕೆಳಗಿನ ಮನೆ ಬೇಕು."

"ಏಯ್! ನಿನಗ್ಯಾರೋ ಹೇಳಿದ್ದು?" ಮಹಡಿಯಮ್ಮ ಎದ್ದೇ ನಿಂತರು.

"ನೀವೇ ಅಮ್ಮ. ಮೆಟ್ಟಿಲ ಮೇಲೆ ಕೂತು ಫೋನಲ್ಲಿ ಕೂಗಾಡ್ತೀರಲ್ಲ."

"ಕೂತ್ಕೊಳ್ಳಿ ಬಾಡಿಗೆದಾರರೇ," ಎಂದರು ರಾಜಿ ಮಾಮ. "ಈಗ ನಿಮ್ಮ ಸರದಿ."

ಮಹಡಿಯಮ್ಮ ಕೂತರು. ಅವಮಾನಕ್ಕೆ ಮುಖ ಕೆಂಪಾಗಿತ್ತು. ಸೆರಗಿನ ತುದಿ ಹಿಂಡಿದರು. ಆಮೇಲೆ ಅವರ ದನಿಯೇ ಬೇರೆಯಾಯಿತು.

"ಮೊಳೆ ಹೊಡೆದದ್ದು ನಿಜ. ಫೋಟೋ ಹಾಕಕ್ಕಲ್ಲ, ಹಗ್ಗ ಕಟ್ಟಕ್ಕೆ. ನಮ್ಮಮ್ಮನ ಎರಡೂ ಕಣ್ಣು ಹೋಗಿದೆ. ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಬಾಗಿಲಿಗೆ ಆ ಹಗ್ಗ ಹಿಡ್ಕೊಂಡೇ ಓಡಾಡ್ತಾಳೆ. ಈ ಮನೆ ಅವಳ ಕೈಗೆ ಬಾಯಿಪಾಠ ಆಗಿದೆ. ಬೇರೆ ಮನೆಗೆ ಹೋದ್ರೆ ಮಂಚ ಬಿಟ್ಟು ಇಳಿಯಲ್ಲ. ಅಲ್ಲೇ ಕೊರಗಿ ಮುಗಿದುಹೋಗ್ತಾಳೆ."

ಫ್ರೇಮ್ ಅಂಗಡಿಯವನ ಮುಖ ಬಿಳಿಚಿಕೊಂಡಿತು. "ನಿಮಗೆ ಗೊತ್ತಿತ್ತಾ?"

"ಕಣ್ಣಿಲ್ಲದೋರು ಅಂದ್ರೆ ಮನೆ ಬಿಡಿಸ್ತಾರೆ ಅಂತ ಮುಚ್ಚಿಟ್ಟೆಯಲ್ಲ, ದಡ್ಡ! ನೀನು ಅಂಗಡಿಗೆ ಹೋದ್ಮೇಲೆ ಅವರಿಗೆ ಟೀ ಕೊಡೋಳು ಯಾರು ಅಂದ್ಕೊಂಡೆ? ನಿನಗೆ ಹೇಳ್ಬೇಡಿ ಅಂತ ನಾನೇ ಅವರ ಬಾಯಿ ಕಟ್ಟಿದ್ದೆ. ಅವರ ಮುಂದೆ ನಿಂತು ಮನೆ ಬಿಡಿ ಅನ್ನಕ್ಕೆ ಬಾಯಿ ಬರ್ಲಿಲ್ಲ. ಅದಕ್ಕೇ ಮೊಳೆ ಹಿಡ್ಕೊಂಡೆ."

ಅವನು ತಲೆ ತಗ್ಗಿಸಿದ. "ಬಿಡಿ ಅಮ್ಮ, ಖಾಲಿ ಮಾಡ್ತೀನಿ. ಕೂಸಿಟ್ಕೊಂಡ ಹೆಂಗಸು ಬೀದೀಲಿರ್ಬೇಕಾ?"

"ಖಾಲಿ ಮಾಡಿ ನಿಮ್ಮಮ್ಮನ್ನ ಎಲ್ಲಿಗೆ ಕರ್ಕೊಂಡು ಹೋಗ್ತೀಯ? ನಾನು ಬಿಡಲ್ಲ."

"ಮಗಳು ನಿಮ್ಮವಳು, ಮನೆ ನಿಮ್ಮದು!"

"ನನ್ನ ಮನೆ ತಾನೇ? ಹಾಗಾದ್ರೆ ನಾನು ಹೇಳ್ದಂಗೆ ಕೇಳು. ಇರು!"

"ಇರಲ್ಲ!"

ರಾಜಿ ಮಾಮನಿಗೆ ತಲೆ ಗಿರ್ರೆಂದಿತು. ಹೋಗು ಎನ್ನಬೇಕಾದವರು ಇರು ಎನ್ನುತ್ತಿದ್ದಾರೆ, ಇರುತ್ತೇನೆ ಎನ್ನಬೇಕಾದವನು ಹೊರಟು ನಿಂತಿದ್ದಾನೆ. ಅಯ್ಯೋ, ಇದು ನಾನು ಹೇಳಿಕೊಟ್ಟ ಆಟವೋ, ಇವರ ನಿಜವೋ? ಇದ್ದ ಜಗಳ ತೀರಿಸಿ ಅಂದರೆ ಇಲ್ಲದ ಜಗಳ ಹುಟ್ಟಿಸಿಟ್ಟೆನಲ್ಲ ಎಂದು ಕೈ ಕೈ ಹಿಸುಕಿಕೊಂಡರು.

"ಒಂದ್ನಿಮಿಷ. ಈಗ ಮಾತಾಡ್ತಿರೋದು ಓನರೋ, ಬಾಡಿಗೆದಾರರೋ?"

"ನೀವು ಸುಮ್ನಿರಿ ಮಾಮ!" ಇಬ್ಬರೂ ಒಟ್ಟಿಗೇ ಗದರಿದರು.

ಮಾಮ ಕುರ್ಚಿಗೆ ಒರಗಿ ಕೂತರು. ಕೊನೆಗೆ ಮಹಡಿಯಮ್ಮ ತಮಗೆ ತಾವೇ ಹೇಳಿಕೊಳ್ಳುವಂತೆ ಅಂದರು: "ಅವಳು ನನ್ನ ಜೊತೆ ಇರಲ್ಲ ಅಂದಳು. ನನ್ನ ಮನೇಲಿ ಇರಲ್ಲ ಅನ್ಲಿಲ್ಲವಲ್ಲ. ಮಹಡಿ ಅವಳಿಗೇ ಇರ್ಲಿ. ನಾನು ಕೆಳಗೆ ಬರ್ತೀನಿ. ನಿಮ್ಮಮ್ಮನ ರೂಮಲ್ಲಿ ನಂದೂ ಒಂದು ಮಂಚ ಹಿಡಿಯುತ್ತೆ. ನೀನು ಹಾಲ್‌ನಲ್ಲಿ ಮಲಕ್ಕೋ. ಆಗುತ್ತಾ?"

ಫ್ರೇಮ್ ಅಂಗಡಿಯವನು ಹೂಂ ಎಂದು ತಲೆಯಾಡಿಸಿದ.

ರಾಜಿ ಮಾಮ ಸಂತೋಷದಿಂದ ಪೆನ್ನು ತೆಗೆದರು. ರಾಜಿ ಪತ್ರ ಎಂದು ಬರೆದು, ಕೆಳಗೆ ಗೆರೆ ಎಳೆದು, ಅಲ್ಲಿಗೇ ನಿಂತರು. "ಅಲ್ಲಾ, ಓನರ್ ಅಂತ ಯಾರ ಹೆಸರು ಬರೀಲಿ? ಬಾಡಿಗೆಗೆ ಬರೋರು ಯಾರು?"

ಕುರ್ಚಿ ವಾಪಸು ಬದಲಿಸಿಕೊಳ್ಳುವುದು ಯಾರಿಗೂ ನೆನಪಾಗಿರಲಿಲ್ಲ. ಮಹಡಿಯಮ್ಮ ಬಾಡಿಗೆದಾರನ ಕುರ್ಚಿಯಲ್ಲೇ ಕೂತು, ಸ್ವಲ್ಪ ಸಂಕೋಚದಿಂದ ಅವನನ್ನು ಕೇಳಿದರು.

"ನನಗೆ ಬಾಡಿಗೆ ಎಷ್ಟಪ್ಪ?"

"ಬಾಡಿಗೆ ಮಾತು ಆಮೇಲೆ. ಮೊದಲು ಕಂಡೀಷನ್ ಕೇಳಿ," ಎಂದ ಅವನು. ದನಿಯಲ್ಲಿ ಓನರ್ ಗತ್ತಿತ್ತು. "ಗೋಡೇಲಿರೋ ಒಂದೇ ಒಂದು ಮೊಳೆನೂ ಕೀಳೋ ಹಾಗಿಲ್ಲ."