ನಡುದಾರಿಯಲ್ಲಿ ನಿಂತ ಲಿಫ್ಟು

ಈ ಊರಿನಲ್ಲಿ ಸೂರ್ಯ ಮೇಲೆ ಬರುವುದು ನನ್ನ ಲಿಫ್ಟಿನಲ್ಲಿ. ನಸುಕಿಗೇ ಬಂದು ನೆಲಮಾಳಿಗೆಯಲ್ಲಿ ಆಕಳಿಸುತ್ತ ನಿಂತಿರುತ್ತಾನೆ. ನಾನು ಕಿವಿ ಹಿಡಿದು ಒಳಗೆ ತಳ್ಳಿ ಗುಂಡಿ ಒತ್ತುತ್ತೇನೆ. ನಂಬದಿದ್ದರೆ ಬಿಡಿ. ಕೆಟ್ಟುನಿಂತ ಲಿಫ್ಟು ನನ್ನ ಕೆಮ್ಮು ಕೇಳಿದರೆ ಸಾಕು, ತಾನಾಗಿ ರಿಪೇರಿಯಾಗುತ್ತದೆ ಎಂಬುದನ್ನಾದರೂ ನಂಬಿ. ಅಂಥ ನನ್ನ ಲಿಫ್ಟು ಇವತ್ತು ಬೆಳಿಗ್ಗೆ ನಾಲ್ಕನೆಯ ಮಹಡಿಗೂ ಐದನೆಯದಕ್ಕೂ ನಡುವೆ ಗಕ್ಕನೆ ನಿಂತುಬಿಟ್ಟಿತು. ಒಳಗೆ ಇದ್ದದ್ದು ಇಬ್ಬರೇ: ನಾನು, ನನ್ನ ಮಗಳು.

ಮಗಳು ಹತ್ತನೆಯ ಮಹಡಿಯ ಕಂಪನಿಯಲ್ಲಿ ದೊಡ್ಡ ಹುದ್ದೆಯವಳು. ಯಾವ ಶಾಖೆ ಇರಬೇಕು, ಯಾವುದನ್ನು ಮುಚ್ಚಬೇಕು ಎಂದು ಅಳೆದು ತೂಗಿ ಹೇಳುವ ಕೆಲಸ. ಅವಳು ಹುಬ್ಬೇರಿಸಿದರೆ ಏಳು ಸಮುದ್ರದಾಚೆ ಬೀಗ ಬೀಳುತ್ತದೆ. ಇರುವುದು ಬೇರೆ ಮನೆ, ರಜೆಯಲ್ಲೂ ಕೆಲಸ. ಫೋನ್ ಮಾಡಿದರೆ "ಅಪ್ಪ, ಅರ್ಜೆಂಟಾ?" ಎನ್ನುತ್ತಾಳೆ. ಅಲ್ಲ ಎಂದರೆ ಇಟ್ಟುಬಿಡುತ್ತಾಳೆ. ಹಾಗಾಗಿ ಅಪ್ಪ-ಮಗಳ ಬಾಳೆಲ್ಲ ಬೆಳಗಿನ ಈ ಲಿಫ್ಟಿನಲ್ಲೇ. ಕೆಳಗೆ ಬಾಗಿಲು ಮುಚ್ಚುವಾಗ ನಾನು "ತಿಂಡಿ ಆಯ್ತಾ ಪುಟ್ಟಿ?" ಎಂದರೆ, ಮೇಲೆ ಬಾಗಿಲು ತೆರೆಯುವಾಗ ಅವಳದೊಂದು "ಹೂಂ."

"ಏನಾಯ್ತು?" ಎಂದಳು, ಗಡಿಯಾರ ನೋಡುತ್ತ.

"ಕರೆಂಟು ಹೋಯ್ತು. ಇಡೀ ಊರಿಗೇ ಹೋಗಿದೆ. ಪಕ್ಕದ ಊರಿಗೂ."

"ಎಷ್ಟೊತ್ತಾಗುತ್ತೆ?"

"ಬೇರೆಯವರಾಗಿದ್ರೆ ನಾಳೆ ಸಂಜೆ. ನಾನಿರೋದ್ರಿಂದ ಸ್ವಲ್ಪ ಹೊತ್ತು. ಕೂತ್ಕೋ."

ಕೂರಲಿಲ್ಲ. ನಾನೇ ಸಲಕರಣೆ ಪೆಟ್ಟಿಗೆಯ ಮೇಲೆ ಕೂತು, ಹಿಂದಿನ ಗೋಡೆ ತಟ್ಟಿದೆ. "ಇದರಾಚೆ ಏನಿದೆ ಗೊತ್ತಾ? ಲಿಫ್ಟಿನ ಹಗ್ಗದ ಇನ್ನೊಂದು ತುದೀಲಿ ಕಟ್ಟಿರೋ ಕಬ್ಬಿಣದ ತೂಕ. ಒಂದಾನೆಯಷ್ಟು ಭಾರ. ಒಂದೇನು, ಆನೆ, ಆನೆಯ ಬೀಗರು, ದಿಬ್ಬಣ ಎಲ್ಲಾ ಸೇರಿಸಿಕೋ. ಅದು ಇಳಿದರೇನೇ ನೀನು ಏರೋದು. ನೀನು ಮೇಲೆ, ಅದು ಕೆಳಗೆ. ಎರಡೂ ಎದುರುಬದುರಾಗೋದು ದಾರೀಲಿ ಒಂದೇ ಕಡೆ. ಇಲ್ಲೇ."

"ಸರಿ. ಅದಕ್ಕೇನೀಗ?"

"ಅದಕ್ಕೇನೂ ಇಲ್ಲ. ಸುಮ್ಮನೆ ಹೇಳಿದೆ."

"ನೀನು ಸುಮ್ಮನೆ ಹೇಳೋದಾ?" ಅವಳು ನಕ್ಕಳು. "ಶಾಲೆ ನಾಟಕಕ್ಕೆ ಬಾ ಅಪ್ಪ ಅಂತ ಗೋಗರೆದಾಗ ಏನಂದಿದ್ದೆ? 'ನಾನು ಬಂದ್ರೆ ನಾಟಕದಲ್ಲಿ ನಿನ್ನ ಮಾತು ಬದಲಾಗುತ್ತಾ? ಬರೋದಕ್ಕೆ ಒಂದು ಕಾರಣ ಹೇಳು, ಬರ್ತೀನಿ.' ಅವತ್ತು ನಂಗೆ ಕಾರಣ ಹೊಳೀಲಿಲ್ಲ. ಆಮೇಲಾಮೇಲೆ ಕಲಿತೆ."

ಕೋಪದಿಂದ ಹೇಳಿದ್ದಲ್ಲ. ಕೋಪದಿಂದ ಹೇಳಿದ್ದರೆ ಚೆನ್ನಾಗಿತ್ತು. ಕಲಿತದ್ದಂತೂ ನಿಜ, ನನ್ನಂಥ ಗುರು ಮೂರು ಲೋಕದಲ್ಲಿ ಸಿಗುವುದಿಲ್ಲ.

ಅವಳು ತಲೆಯೆತ್ತಿ ನೋಡಿದಳು. "ಕರೆಂಟು ಹೋಗಿದ್ರೆ ಫ್ಯಾನು ಹೇಗೆ ತಿರುಗ್ತಿದೆ?"

"ಅದಾ? ಅದು... ನನ್ನ ಮೇಲಿನ ಗೌರವಕ್ಕೆ."

"ಜೇಬಿನ ಮೇಲೆ ಬ್ಯಾಡ್ಜೂ ಇಲ್ಲ."

"ಮಾಲೀಕರು ಇಸ್ಕೊಂಡಿದ್ದಾರೆ. ಚಿನ್ನದ್ದು ಮಾಡಿಸಿ ಕೊಡ್ತಾರಂತೆ. ಬೇಡ ಬೇಡ ಅಂದ್ರೂ ಕೇಳಲಿಲ್ಲ, ಕಾಲಿಗೆ ಬಿದ್ದು ಅತ್ತರು."

"ಅಪ್ಪಾ, ಆ ಮುಷ್ಟಿ ಬಿಚ್ಚು."

ಬಿಚ್ಚಿದೆ. ಲಿಫ್ಟು ನಿಲ್ಲಿಸುವ ಕೀಲಿಕೈ ಅಂಗೈಯ ಬೆವರಿನಲ್ಲಿ ತೊಯ್ದು ಮಲಗಿತ್ತು. ಇನ್ನೊಂದು ಸುಳ್ಳಿಗಾಗಿ ತಡಕಾಡಿದೆ. ಜನ್ಮವಿಡೀ ಕೈಕೊಡದ ಬಾಯಿ ಈಗ ಕೈಕೊಟ್ಟಿತು.

"ನಾನೇ ನಿಲ್ಲಿಸಿದೆ. ಇವತ್ತೇ ನನ್ನ ಕೆಲಸದ ಕಡೇ ದಿನ, ಪುಟ್ಟಿ. ಬೆಳಿಗ್ಗೆನೇ ಬ್ಯಾಡ್ಜು ವಾಪಸ್ ತಗೊಂಡರು. ಮಧ್ಯಾಹ್ನ ಇದನ್ನೂ ಕೊಡಬೇಕು. ಯಾರೂ ಅಳಲಿಲ್ಲ."

"ಮೊದಲೇ ಹೇಳಬಾರದಿತ್ತಾ?"

"ಅರ್ಜೆಂಟ್ ಅಲ್ವಲ್ಲ."

ಅವಳು ಗೋಡೆಗೊರಗಿದಳು. ಇನ್ನೇನು ಕೂತೇಬಿಡುತ್ತಾಳೆ ಎಂದು ಪೆಟ್ಟಿಗೆಯ ಮೇಲೆ ಒಂದು ಬದಿಗೆ ಸರಿದೆ. ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಫೋನು ನಡುಗಿತು. ಅದನ್ನು ನೋಡಿದಳು, ನನ್ನನ್ನು ನೋಡಿದಳು. "ಮೀಟಿಂಗ್ ಶುರುವಾಗಿದೆ ಅಪ್ಪ," ಎಂದಳು, ಚಿಕ್ಕವಳಿದ್ದಾಗ ಪಾತ್ರೆ ಒಡೆದು ಬಂದು ಹೇಳುತ್ತಿದ್ದ ದನಿಯಲ್ಲಿ. ನಾನು ಕೀಲಿ ತಿರುಗಿಸಿದೆ.

ಹತ್ತನೆಯ ಮಹಡಿ ಬಂತು. ಒಂದು ಕಾಲು ಆಚೆಗಿಟ್ಟವಳು ತಿರುಗಿದಳು. "ನಾಳೆ ಬಾ. ಸೀದಾ ನನ್ನ ರೂಮಿಗೇ ಬಾ."

"ಕೆಳಗಿನ ಕೌಂಟರಿನ ಹುಡುಗಿ ಬಿಡಬೇಕಲ್ಲ. ಬ್ಯಾಡ್ಜ್ ಇಲ್ಲದವರು ಬಂದ್ರೆ, ಯಾರನ್ನ ನೋಡಬೇಕು, ಏನು ಕಾರಣ ಅಂತ ಕೇಳ್ತಾಳೆ. ಸುಮ್ಮನೆ ಅಂದ್ರೆ ವಾಪಸ್ ಕಳಿಸ್ತಾಳೆ. ಆ ನಿಯಮ ನಿಂದೇ ಅಂತೆ." ನಿಜಕ್ಕೂ ತಿಳಿದುಕೊಳ್ಳಲೆಂದೇ ಕೇಳಿದೆ: "ಏನು ಕಾರಣ ಹೇಳಲಿ, ಪುಟ್ಟಿ?"

ಅವಳು ಬಾಯಿ ತೆರೆದಳು. ಮುಚ್ಚಲು ಬಂದ ಬಾಗಿಲು ಅವಳ ಕಾಲಿಗೆ ತಗಲಿ ಹಿಂದೆ ಸರಿಯಿತು. ಮತ್ತೆ ಬಂತು, ಮತ್ತೆ ಸರಿಯಿತು. ಆಫೀಸಿನ ಒಳಗಿನಿಂದ ಯಾರೋ ಅವಳನ್ನು ಕರೆದರು. ಅವಳು ಕಾಲನ್ನು ಆಚೆಗೆ ತೆಗೆದುಕೊಂಡಳು.

ಸೂರ್ಯನ ಮಾತು ಸುಳ್ಳು. ಅವನು ಯಾರ ಹಂಗೂ ಇಲ್ಲದೆ ಏರುತ್ತಾನೆ. ನಾನು ದಿನವೂ ಮೇಲಕ್ಕೆ ಬಿಟ್ಟು ಬರುತ್ತಿದ್ದದ್ದು ಅವಳೊಬ್ಬಳನ್ನು. ಖಾಲಿ ಲಿಫ್ಟಿನಲ್ಲಿ ಇಳಿಯುವಾಗ, ಐದು ದಾಟುತ್ತಿದ್ದಂತೆ ಗೋಡೆಯಾಚೆ ಕಬ್ಬಿಣದ ತೂಕ ಮೇಲಕ್ಕೆ ಹಾದುಹೋದ ಸದ್ದು ಕೇಳಿಸಿತು. ಕೀಲಿ ಕೈಯಲ್ಲೇ ಇತ್ತು. ನಿಲ್ಲಿಸಲಿಲ್ಲ.