ಮೀಟಿದ ಮುಚ್ಚಳ

“ಕೈಯಲ್ಲಿ ಸ್ಕ್ರೂಡ್ರೈವರ್ ಹಿಡ್ಕೊಂಡೇ ಸಿಕ್ಕಿಬಿದ್ದಿದೀಯ. ಇನ್ನೂ ಬಾಯಿ ಬಿಡಲ್ವಾ?”

ಶಾಲಿನಿಯ ಕೂಗಿಗೆ ಎದುರು ಮನೆಯ ಕಿಟಕಿ ತೆರೆದುಕೊಂಡಿತು. ಅವಳ ಕಾರಿನ ಹಿಂಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಪಕ್ಕದ ಮನೆಯ ಆಫ್ತಾಬ್ ನಿಧಾನವಾಗಿ ಎದ್ದ. ಆರಡಿಯ ಆಳು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಲಾಕು ಮುರಿದು ಜೋತಾಡುತ್ತಿತ್ತು. ಅಂಚಿನಲ್ಲಿ ಬಣ್ಣ ಕಿತ್ತು ಉದ್ದದ ಗೀರು.

“ನಾನು ಕಳ್ಳ ಅಲ್ಲ ಅಕ್ಕ. ಅದಕ್ಕಿಂತ ಜಾಸ್ತಿ ಏನೂ ಹೇಳೋ ಹಂಗಿಲ್ಲ.”

ಬಾಗಿಲಲ್ಲಿ ನಿಂತಿದ್ದ ಶಾಲಿನಿಯ ಅತ್ತೆ ವೆಂಕಟಲಕ್ಷ್ಮಮ್ಮನವರನ್ನು ಒಮ್ಮೆ ನೋಡಿದ. ಅವರ ಕೈಗೆ ಏನೋ ಕೊಟ್ಟು, ತಲೆ ತಗ್ಗಿಸಿ ಗೇಟು ದಾಟಿದ. ಏಳೂಕಾಲಿಗೆ ಅವನು ಶಾಲೆಯ ವ್ಯಾನ್ ತೆಗೆಯಬೇಕಿತ್ತು.

ಶಾಲಿನಿ ದಿನಾ ಬೆಳಿಗ್ಗೆ ಆರಕ್ಕೆ ಫ್ಯಾಕ್ಟರಿ ಬಸ್ಸು ಹತ್ತಿ ಬಿಡದಿಗೆ ಹೋಗುವವಳು. ಗಂಡ ಮನೋಹರ್ ಲಾರಿ ಓಡಿಸುತ್ತಾನೆ, ಮಾಗಡಿಯ ಮನೆಗೆ ಬರುವುದು ವಾರಕ್ಕೊಮ್ಮೆ. ಕಾರು ಭಾನುವಾರದವರೆಗೆ ಅಂಗಳದಲ್ಲೇ ಇರುತ್ತದೆ. ಈ ವಾರ ಅವಳಿಗೆ ಶನಿವಾರ ರಜೆ ಬಿದ್ದಿದ್ದು ಆಫ್ತಾಬನಿಗೆ ಗೊತ್ತಿರಲಿಲ್ಲ. ಅದಕ್ಕೇ ಸಿಕ್ಕಿಬಿದ್ದ.

ಅವಳು ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡು ಶಾಲೆಯ ಮ್ಯಾನೇಜರ್ ಬಾಲರಾಜುವಿಗೆ ಫೋನ್ ಮಾಡಿದಳು. “ಪೆಟ್ರೋಲ್ ಕದಿಯೋನ ಕೈಗೆ ಮಕ್ಕಳನ್ನ ಕೊಟ್ಟಿದೀರಲ್ಲ ಸಾರ್!”

ಮಾತು ಮುಗಿದರೂ ಸಿಟ್ಟು ಇಳಿಯಲಿಲ್ಲ. ಮನೆಗೆಲಸ ಮುಗಿಸಿ, ಹತ್ತರ ಹೊತ್ತಿಗೆ ಕಾರಿನ ಬಾಗಿಲು ತೆಗೆದು ಕೂರಲು ಹೋದಳು. ಮೊಣಕಾಲು ಸ್ಟೀರಿಂಗಿಗೆ ಬಡಿಯಿತು. ಯಾರೋ ಸೀಟನ್ನು ಪೂರಾ ಮುಂದಕ್ಕೆ ಎಳೆದಿದ್ದರು. ಒಳಗೂ ಕೂತಿದ್ದಾನೆ! ಪೆಟ್ರೋಲಿನ ಮುಳ್ಳು ಮಾತ್ರ ಭಾನುವಾರ ಇದ್ದ ಹಾಗೇ ಅರ್ಧದಲ್ಲಿತ್ತು. ಮೀಟರನ್ನೂ ಕೆಡಿಸಿದ್ದಾನೆ ಎಂದುಕೊಂಡಳು.

ಅತ್ತೆ ಸೆರಗಿನ ಮರೆಯಿಂದ ಒಂದು ಪ್ಲಾಸ್ಟಿಕ್ ಪೊಟ್ಟಣ ಚಾಚಿದರು. ಒಳಗೆ ಹೊಸ ಲಾಕು. “ಆಫ್ತಾಬ್ ಕೊಟ್ಟೋದ.”

“ನೋಡಿದ್ರಾ? ತಪ್ಪು ಒಪ್ಕೊಂಡಂಗಾಯ್ತು.”

“ಅಂಗಲ್ಲ ಶಾಲಿನಿ, ಒಂದ್ ಮಾತು...”

“ಮಾತು ಆಮೇಲೆ. ಟಾರ್ಚ್ ಹಿಡೀರಿ ಅತ್ತೆ.”

ಫ್ಯಾಕ್ಟರಿಯಲ್ಲಿ ದಿನಕ್ಕೆ ನೂರಾರು ಕ್ಲಿಪ್ಪು ಕೂರಿಸುವ ಕೈ ಅವಳದು. ಡಿಕ್ಕಿ ತೆರೆದು, ಪಕ್ಕದ ಹೊದಿಕೆಯ ಕ್ಲಿಪ್ಪುಗಳನ್ನು ಒಂದೊಂದಾಗಿ ಎಬ್ಬಿಸಿದಳು. ಸಂದಿಯಲ್ಲಿ ಕೈ ತೂರಿಸಿ ಮುರಿದ ಲಾಕನ್ನು ಕಾಲು ಸುತ್ತು ತಿರುಗಿಸಿ, ಕೇಬಲಿನ ತುದಿ ಬಿಡಿಸಿದಳು. ತಗಡಿನ ಅಂಚು ತಾಗಿ ಬೆರಳಲ್ಲಿ ರಕ್ತ ಬಂತು. “ಆ ಬೇವರ್ಸಿ ಕೈಗೆ ಬೇಡಿ ಹಾಕಿಸ್ದೆ ಬಿಡಲ್ಲ.”

ಅತ್ತೆ ಒಳಗೆ ಹೋದರು. ಅರಿಶಿನ ತಂದು ಬೆರಳಿಗೆ ಒತ್ತಿದರು. ಅವಳ ಮಂಡಿಯ ಕೆಳಗೆ ಗೋಣಿಚೀಲ ಮಡಚಿಟ್ಟು, ಮತ್ತೆ ಟಾರ್ಚ್ ಹಿಡಿದರು.

ಅವರು ಕಾರಿನ ಹತ್ತಿರ ಬಂದಿದ್ದೇ ದೊಡ್ಡದು. ಕಾರೆಂದರೆ ಅವರಿಗೆ ಮೊದಲಿಂದಲೂ ಭಯ. ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತರೆ ಊರು ಬಂದ ಮೇಲೇ ತೆರೆಯುವುದು. “ಅಮ್ಮಂಗೆ ಹಾರ್ನ್ ಕೇಳುದ್ರೇ ಜ್ವರ ಬತ್ತದೆ” ಎಂದು ಮನೋಹರ್ ನಗಾಡುತ್ತಿದ್ದ. ಈಚೆಗಂತೂ ಕಣ್ಣು ಬಿಟ್ಟುಕೊಂಡು ಶಾಲಿನಿಯ ಕೈಕಾಲುಗಳನ್ನೇ ನೋಡುತ್ತಿರುತ್ತಾರೆ. ಭಯ ಹೆಚ್ಚಾಗಿರಬೇಕು.

ಹೊಸ ಲಾಕು ಕೂತಿತು. ಶಾಲಿನಿ ಮುಚ್ಚಳ ಒತ್ತಿ ಹಾಕಿ, ಡ್ರೈವರ್ ಸೀಟಿನ ಪಕ್ಕ ಕೆಳಗಿದ್ದ ಸಣ್ಣ ಲಿವರ್ ಎಳೆದಳು. ಟಪ್ ಎಂದು ತೆರೆದುಕೊಂಡಿತು.

ಅತ್ತೆ ಬಗ್ಗಿ ನೋಡಿದರು. “ಇದ್ನ ಎಳುದ್ರೆ ಸಾಕಾ? ಮೀಟಂಗೇ ಇಲ್ವಾ?”

“ಅಷ್ಟೇ ಅತ್ತೆ. ಕಾರು ಓಡ್ಸೋರಿಗೆಲ್ಲ ಗೊತ್ತಿರುತ್ತೆ.”

“ಎಲ್ಲಾರ್ಗೂ ಗೊತ್ತಿರಕಿಲ್ಲ ಕಣವ್ವ.”

ಫೋನ್ ಬಂತು. ಬಾಲರಾಜು. ಶಾಲಿನಿ ಸ್ಪೀಕರಿಗೆ ಹಾಕಿ, ಎಣ್ಣೆಗೈ ಒರೆಸಿಕೊಂಡಳು.

“ಮೇಡಂ, ವ್ಯಾನ್ ಕೀ ಇಸ್ಕೊಂಡಿದೀವಿ. ಕೇಳುದ್ರೆ ಬಾಯೇ ಬಿಡ್ತಿಲ್ಲ. ಹನ್ನೊಂದೂವರೆಗೆ ಇಸ್ಕೂಲ್ ಬುಡ್ತೀವಿ. ಆಮೇಲೆ ಸ್ಟೇಷನ್ಗೆ ಬರೆದು ಕೊಡ್ತೀನಿ, ನೀವೂ ಬಂದು ಸೈನ್ ಹಾಕಿ.”

“ಬರ್ತೀನಿ ಸಾರ್.”

ಟಾರ್ಚ್ ನೆಲಕ್ಕೆ ಬಿತ್ತು.

“ಇಸ್ಕೂಲ್ಗೆ ಯೋಳ್ಬುಟ್ಟಾ?” ಆರು ವರ್ಷದಲ್ಲಿ ಅತ್ತೆ ದನಿ ಎತ್ತಿದ್ದು ಅದೇ ಮೊದಲು. “ನಂಗೊಂದ್ ಮಾತು ಕೇಳ್ದೆ? ಕೇಸ್ ಬಿದ್ರೆ ಅವನ್ಗೆ ಯಾರವ್ವ ವ್ಯಾನ್ ಕೊಡ್ತಾರೆ? ಎರಡು ಹೆಣ್ಮಕ್ಳು ಅವನ್ಗೆ!”

“ಕದಿಯೋ ಮುಂಚೆ ಅದು ನೆಪ್ಪಿರಬೇಕಿತ್ತು.”

“ಬಾಯಿ ಮುಚ್ಚು! ಕೀ ಕೊಡಿಲ್ಲಿ.”

“ಕಾರ್ ಕೀ ಯಾಕೆ ನಿಮಗೆ?”

“ಹನ್ನೊಂದು ಗಂಟೆ ಆಯ್ತು. ಬಸ್ಸಿಗೆ ಕಾಯ್ತಾ ಕುಂತ್ರೆ ಅವನ ಬದುಕು ಮುಗುದೋಯ್ತದೆ.”

ಕೀ ಕಿತ್ತುಕೊಂಡು ವೆಂಕಟಲಕ್ಷ್ಮಮ್ಮ ಡ್ರೈವರ್ ಸೀಟಿನಲ್ಲಿ ಕೂತರು. ಬಾಗಿಲು ಹಾಕಿಕೊಂಡರು. ಕಾರು ಹಿಂದಕ್ಕೆ ಸರಿಯಿತು. ಶಾಲಿನಿಗೆ ಮೂರು ಸಲವಾದರೂ ಹಿಂದೆ ಮುಂದೆ ಮಾಡಬೇಕಾಗುವ ಆ ಇಕ್ಕಟ್ಟಿನ ಗೇಟನ್ನು ಒಂದೇ ತಿರುವಿನಲ್ಲಿ ದಾಟಿ ರಸ್ತೆಯಲ್ಲಿ ನಿಂತಿತು.

“ಹತ್ತು,” ಎಂದರು ಅತ್ತೆ, ಎಡಗಡೆಯ ಬಾಗಿಲು ತಳ್ಳಿ. “ಒಬ್ಳೇ ಪೆಟ್ರೋಲ್ ತುಂಬಕ್ಕೋಗಿ ಮುಚ್ಚಳ ಮೀಟ್ದೋಳು ನಾನು. ರಿಪೇರಿ ಮಾಡಕ್ಕೆ ಬಂದಿದ್ದೋನು ನನ್ನ ಡ್ರೈವಿಂಗ್ ಮೇಷ್ಟ್ರು.”